ಕೀಬೋರ್ಡಿನಲ್ಲಿ ಪಿಯಾನೊ ನಾದ: ಗಾಯನ ಮಂಡಳಿಗಳಿಗೆ ಉಪಯುಕ್ತ ಮಾಹಿತಿ

ಅರಸೀಕೆರೆಯಿಂದ ಹಾಸನದ ಕಡೆಗೆ ಹೋಗುವ ದಾರಿಯಲ್ಲಿ ಹಾರನಹಳ್ಳಿ ಎಂಬ ಊರಿದೆ. ಹೊಯ್ಸಳರ ಕಾಲದ ಚೆನ್ನಕೇಶವ ಮತ್ತು ಸೋಮೇಶ್ವರ ಗುಡಿಗಳಿಗೆ ಹೆಸರಾದ ಊರು. ಸುತ್ತಲೂ ತೆಂಗಿನ ತೋಟ. ಕರಾವಳಿಯಿಂದ ಹೋಗಿ ಆ ಭಾಗದಲ್ಲಿ ನೆಲೆಸಿರುವ ಪರಿಚಿತ ಕುಟುಂಬವೊಂದರ ವಿವಾಹದ ಬೆಳ್ಳಿಹಬ್ಬಕ್ಕೆ ಹೋಗಿದ್ದೆ. ತೋಟದ ಶಾಮಿಯಾನದಲ್ಲಿ ಕೃತಜ್ಞತಾ ಬಲಿಪೂಜೆ. ಕೀಬೋರ್ಡ್ ನುಡಿಸಲು ಕಾಲೇಜು ಓದುವ ಹುಡುಗನೊಬ್ಬ ಬಂದಿದ್ದ. ವಾದ್ಯ ಸಾಧಾರಣದ್ದಲ್ಲ, 88 ಮನೆಗಳ ಸ್ಟೇಜ್ ಪಿಯಾನೊ. ಆದರೆ ಬಾಕ್ಸ್‌ನಿಂದ ಹೊರಬರುತ್ತಿದ್ದ ನಾದ ಮಾತ್ರ ಖಾಲಿ ಡಬ್ಬಿಯೊಳಗಿನಿಂದ ಬಂದಂತಿತ್ತು. ಸೌಂಡ್ಸ್‌ನವರು ಟ್ರೆಬಲ್ ಏರಿಸಿದರು. ಡಬ್ಬಿಯ ಜೊತೆಗೆ ಶಿಳ್ಳೆಯೂ ಸೇರಿತು. ಪ್ರವೇಶ ಗೀತೆಗೆ ಜನ ಎದ್ದು ನಿಂತರೂ ಹಾಡನ್ನು ಯಾವ ಶ್ರುತಿಯಲ್ಲಿ ಎತ್ತಬೇಕೆಂದು ಯಾರಿಗೂ ತಿಳಿಯಲಿಲ್ಲ.

ಊಟದ ಹೊತ್ತಿಗೆ ಹುಡುಗ ಬಳಿ ಬಂದ. "ಫಾದರ್, ಮನೇಲಿ ಹೆಡ್‌ಫೋನ್ ಹಾಕ್ಕೊಂಡು ನುಡಿಸಿದ್ರೆ ಎಷ್ಟು ಚೆನ್ನಾಗಿರುತ್ತೆ ಗೊತ್ತಾ? ಎಲ್ಲಿಗೆ ತಗೊಂಡು ಹೋದ್ರೂ ಹೀಗೇ ಆಗುತ್ತೆ. ಇದನ್ನ ಮಾರಿ ಬೇರೆ ತಗೋಳೋಣ ಅಂತಿದ್ದಾರೆ ನಮ್ಮ ಕ್ವಾಯರಿನವರು" ಎಂದ. ಮನೆಮನೆಗೆ ಹೋಗಿ ಕ್ರಿಸ್ಮಸ್ ಕ್ಯಾರಲ್ ಹಾಡಿ ಕೂಡಿಸಿದ ಹಣದಿಂದ ಕೊಂಡ ವಾದ್ಯವಂತೆ ಅದು. ಅದನ್ನು ಅರ್ಧ ಬೆಲೆಗೆ ಮಾರಿ ಮತ್ತೆ ಹಣ ಕೂಡಿಸಲು ಹೊರಟಿದ್ದರು. ಇಬ್ಬರೂ ಸೇರಿ ಹಿಂಬದಿಯ ವೈರು ನೋಡಿದೆವು. ವಾದ್ಯದಲ್ಲಿ ಯಾವ ದೋಷವೂ ಇರಲಿಲ್ಲ. ಒಂದು ವೈರು ಮತ್ತು ಒಂದು ಸೆಟ್ಟಿಂಗ್, ಇವೆರಡೇ ಕಾರಣ. ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿಯೂ ಇದೇ ತೊಂದರೆ ಇರುವುದರಿಂದ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಪಿಯಾನೊ ಹೊಳೆಯುವುದು ಹೇಗೆ

ಇಟಲಿಯ ಬಾರ್ತೊಲೊಮೆಯೊ ಕ್ರಿಸ್ತೊಫೊರಿ 1700ರ ಸುಮಾರಿಗೆ ಫ್ಲಾರೆನ್ಸಿನಲ್ಲಿ ಪಿಯಾನೊವನ್ನು ರೂಪಿಸಿದ. ಅದಕ್ಕಿಂತ ಹಿಂದಿನ ಹಾರ್ಪ್ಸಿಕಾರ್ಡಿನಲ್ಲಿ ಮನೆ ಒತ್ತಿದರೆ ಒಂದು ಕಡ್ಡಿ ತಂತಿಯನ್ನು ಮೀಟುತ್ತಿತ್ತು. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ನಾದದಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಕ್ರಿಸ್ತೊಫೊರಿ ಮೀಟುವ ಕಡ್ಡಿಯನ್ನು ತೆಗೆದು ಬಡಿಯುವ ಸುತ್ತಿಗೆಯನ್ನು ಇಟ್ಟ. ಈಗಿನ ಪಿಯಾನೊಗಳಲ್ಲಿ ಆ ಸುತ್ತಿಗೆಯ ತಲೆಗೆ ಉಣ್ಣೆಯ ದಪ್ಪ ಹೊದಿಕೆ ಇರುತ್ತದೆ. ಮೆಲ್ಲಗೆ ಬಡಿದರೆ ಉಣ್ಣೆ ಮೆತ್ತಗೆ ವರ್ತಿಸುತ್ತದೆ, ನಾದ ದುಂಡಗಿರುತ್ತದೆ. ಜೋರಾಗಿ ಬಡಿದರೆ ಅದೇ ಉಣ್ಣೆ ಅದುಮಿಕೊಂಡು ಗಟ್ಟಿಯಾಗುತ್ತದೆ. ಆಗ ಮೂಲ ಸ್ವರದ ಜೊತೆಗೆ ಹುಟ್ಟುವ ಮೇಲಿನ ಸಣ್ಣ ಸ್ವರಗಳು ಹೆಚ್ಚಾಗಿ ಕೇಳಿಸುತ್ತವೆ. ನಾವು ಹೊಳಪು ಎನ್ನುವುದು ಈ ಮೇಲಿನ ಸ್ವರಗಳನ್ನೇ. ಅಂದರೆ ಪಿಯಾನೊವನ್ನು ಜೋರಾಗಿ ನುಡಿಸಿದಾಗ ಶಬ್ದ ಹೆಚ್ಚಾಗುವುದಷ್ಟೇ ಅಲ್ಲ, ನಾದದ ಬಣ್ಣವೇ ಬದಲಾಗುತ್ತದೆ. ಉಳಿದ ಎಲ್ಲ ವಿವರಗಳಿಗೂ ಈ ಒಂದು ಮಾತೇ ಆಧಾರ.

ಡಿಜಿಟಲ್ ಪಿಯಾನೊ ತಯಾರಿಸುವವರು ಒಳ್ಳೆಯ ಗ್ರ್ಯಾಂಡ್ ಪಿಯಾನೊವೊಂದರ ಸ್ವರಗಳನ್ನು ಮೆಲ್ಲಗೆ, ಮಧ್ಯಮವಾಗಿ, ಜೋರಾಗಿ ನುಡಿಸಿ ಬೇರೆ ಬೇರೆಯಾಗಿ ಧ್ವನಿಮುದ್ರಣ ಮಾಡಿ ವಾದ್ಯದ ಒಳಗೆ ಇಟ್ಟಿರುತ್ತಾರೆ. ಮನೆಯ ಅಡಿಯಲ್ಲಿ ಕನಿಷ್ಠ ಎರಡು ಸಂಪರ್ಕ ಬಿಂದುಗಳಿರುತ್ತವೆ. ಬೆರಳು ಮೊದಲನೆಯದನ್ನು ಮುಟ್ಟಿಸಿ ಎರಡನೆಯದನ್ನು ಮುಟ್ಟಿಸಲು ತೆಗೆದುಕೊಂಡ ಸಮಯವನ್ನು ವಾದ್ಯ ಅಳೆಯುತ್ತದೆ. 1983ರಲ್ಲಿ ಬಂದ ಮಿಡಿ ಪದ್ಧತಿಯಲ್ಲಿ ಈ ವೇಗಕ್ಕೆ 1ರಿಂದ 127ರ ವರೆಗೆ ಅಂಕ. ಅಂಕ 40 ಬಂದರೆ ಮೆಲ್ಲಗಿನ ಮುದ್ರಣ, 110 ಬಂದರೆ ಜೋರಿನ ಮುದ್ರಣ ಕೇಳಿಸುತ್ತದೆ.

ನಮ್ಮವರು ಎಡವುವುದು ಇಲ್ಲಿಯೇ. ಚರ್ಚಿನಲ್ಲಿ ನುಡಿಸುವವರು ಸಂಕೋಚದಿಂದ, ಬೆರಳು ಎತ್ತಿ ಇಡುವಂತೆ ನುಡಿಸುತ್ತಾರೆ. ಕೇಳಿಸುವುದಿಲ್ಲವೆಂದು ಮೈಕಿನವರು ವಾಲ್ಯೂಮ್ ಏರಿಸುತ್ತಾರೆ. ಆಗ ಜನರಿಗೆ ತಲುಪುವುದು ಮೆಲ್ಲಗೆ ನುಡಿಸಿದ ಪಿಯಾನೊದ ದೊಡ್ಡ ಶಬ್ದ. ಕಂಬಳಿ ಹೊದಿಸಿದಂತೆ ಕೇಳುತ್ತದೆ ಎಂದು ದೂರುವುದು ಇದನ್ನೇ. ಟ್ರೆಬಲ್ ತಿರುವಿದರೆ ಕಂಬಳಿ ಹೋಗುವುದಿಲ್ಲ, ಏಕೆಂದರೆ ಆ ಮುದ್ರಣದಲ್ಲಿ ಮೇಲಿನ ಸ್ವರಗಳೇ ಕಡಿಮೆ. ಇಲ್ಲದ್ದನ್ನು ಗುಂಡಿ ತಿರುವಿ ತರಲಾಗದು.

ಮೊದಲು ಟಚ್, ಆಮೇಲೆ ಉಳಿದದ್ದು

ಪರಿಹಾರಕ್ಕೆ ಖರ್ಚಿಲ್ಲ. ವಾಲ್ಯೂಮ್ ಇಳಿಸಿ, ಗಟ್ಟಿಯಾಗಿ ನುಡಿಸಬೇಕು. ಅದು ಅಭ್ಯಾಸವಾಗುವವರೆಗೆ ಮೆನುವಿನಲ್ಲಿರುವ ಟಚ್ ಸೆಟ್ಟಿಂಗ್ ಬದಲಿಸಿಕೊಳ್ಳಬಹುದು. ಟಚ್ ರೆಸ್ಪಾನ್ಸ್, ವೆಲಾಸಿಟಿ ಕರ್ವ್, ಕೀ ಟಚ್ ಎಂದು ಒಂದೊಂದು ಕಂಪನಿ ಒಂದೊಂದು ಹೆಸರು ಕೊಟ್ಟಿರುತ್ತದೆ. ಅದರಲ್ಲಿ ಲೈಟ್ ಅಥವಾ ಸಾಫ್ಟ್ ಎಂದು ಆರಿಸಿದರೆ ಸಾಧಾರಣ ಬಲಕ್ಕೇ ಹೆಚ್ಚಿನ ಅಂಕ ಸಿಗುತ್ತದೆ, ಹೊಳಪಿನ ಮುದ್ರಣ ಎಚ್ಚರಗೊಳ್ಳುತ್ತದೆ. ಹಾರನಹಳ್ಳಿಯ ಹುಡುಗನ ವಾದ್ಯದಲ್ಲಿ ಇದು ಹೆವಿ ಎಂದಿತ್ತು. ಯಾರು ಯಾವಾಗ ಹಾಗೆ ಇಟ್ಟರೋ ಅವನಿಗೂ ತಿಳಿಯದು.

ನಮ್ಮಲ್ಲಿ ಬಹುಪಾಲು ಧರ್ಮಕೇಂದ್ರಗಳಲ್ಲಿ ಇರುವುದು 61 ಮನೆಗಳ, ಹಗುರ ಸ್ಪ್ರಿಂಗ್ ಮನೆಗಳ ಕೀಬೋರ್ಡು. ಅದರ ಸಮಸ್ಯೆ ತದ್ವಿರುದ್ಧ. ಬೆರಳು ತಾಗಿದರೆ ಸಾಕು, ಮನೆ ತಳಕ್ಕೆ ಹೋಗುತ್ತದೆ, ಪ್ರತಿ ಸ್ವರವೂ ಕಿರುಚುತ್ತದೆ. ಅಲ್ಲಿ ಟಚ್ ಅನ್ನು ಹಾರ್ಡ್ ಅಥವಾ ಹೆವಿಗೆ ಇಡುವುದು ಮೇಲು. ಟಚ್ ಆಫ್ ಮಾಡಿ ನುಡಿಸುವವರೂ ಇದ್ದಾರೆ. ಆರ್ಗನ್ ಸ್ವರಕ್ಕೆ ಅದು ಸರಿ. ಪಿಯಾನೊಗೆ ಹಾಗೆ ಮಾಡಿದರೆ ಕ್ರಿಸ್ತೊಫೊರಿ ಪಟ್ಟ ಶ್ರಮವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

ಸ್ವರಗಳ ಪಟ್ಟಿಯಲ್ಲಿ ಗ್ರ್ಯಾಂಡ್ ಪಿಯಾನೊ, ಬ್ರೈಟ್ ಪಿಯಾನೊ, ಎಲೆಕ್ಟ್ರಿಕ್ ಗ್ರ್ಯಾಂಡ್, ಹಾಂಕಿಟಾಂಕ್ ಎಂದು ಮೊದಲ ನಾಲ್ಕು ಬರುವುದನ್ನು ಅನೇಕರು ಗಮನಿಸಿರಬಹುದು. ಈ ಕ್ರಮ 1991ರಲ್ಲಿ ಒಪ್ಪಿಕೊಂಡ ಜನರಲ್ ಮಿಡಿ ಪಟ್ಟಿಯದು. ಹೊಳಪು ಬೇಕೆಂದು ಕೂಡಲೇ ಬ್ರೈಟ್ ಪಿಯಾನೊಗೆ ಹೋಗುವುದು ಸಹಜ. ನನ್ನ ಅಭಿಪ್ರಾಯದಲ್ಲಿ ಮೊದಲು ವಾದ್ಯದ ಮುಖ್ಯ ಗ್ರ್ಯಾಂಡ್ ಸ್ವರವನ್ನೇ ಸರಿಯಾದ ಟಚ್‌ನಲ್ಲಿ ಕೇಳಿ ನೋಡಬೇಕು. ಕಂಪನಿಯವರು ಹೆಚ್ಚು ಶ್ರಮ, ಹೆಚ್ಚು ಮೆಮೊರಿ ಹಾಕಿರುವುದು ಸಾಮಾನ್ಯವಾಗಿ ಅದಕ್ಕೇ. ಪಿಯಾನೊ ಜೊತೆಗೆ ಸ್ಟ್ರಿಂಗ್ಸ್ ಬೆರೆಸುವ ಅಭ್ಯಾಸ ನಮ್ಮಲ್ಲಿ ವಿಪರೀತವಾಗಿದೆ. ಪರಮಪ್ರಸಾದದ ಗೀತೆಗೆ ಚೆಂದ ಕೇಳಬಹುದು, ಆದರೆ ಸುತ್ತಿಗೆಯ ಪೆಟ್ಟು ಅದರಡಿ ಮುಚ್ಚಿಹೋಗುತ್ತದೆ. ಜನ ಶ್ರುತಿ ಹಿಡಿಯುವುದೂ ತಾಳ ಹಿಡಿಯುವುದೂ ಆ ಪೆಟ್ಟಿನಿಂದ.

ವೈರಿನ ವಿಚಾರ

ಈಗ ಡಬ್ಬಿಯ ನಾದಕ್ಕೆ ಬರೋಣ. ಪಿಯಾನೊ ಸ್ವರವನ್ನು ಎಡ ಮತ್ತು ಬಲ ಎಂದು ಎರಡು ವಾಹಿನಿಗಳಲ್ಲಿ ಮುದ್ರಿಸಿರುತ್ತಾರೆ. ಹೆಡ್‌ಫೋನಿನಲ್ಲಿ ಮನೋಹರವಾಗಿ ಕೇಳಿಸುವುದು ಅದಕ್ಕಾಗಿಯೇ. ಆದರೆ ಚರ್ಚಿನ ಧ್ವನಿವರ್ಧಕ ವ್ಯವಸ್ಥೆ ಬಹುತೇಕ ಕಡೆ ಒಂದೇ ವಾಹಿನಿಯದ್ದು, ಅಂದರೆ ಮೋನೊ. ಆ ಹುಡುಗ ಹೆಡ್‌ಫೋನ್ ತೂತಿನಿಂದ ಸ್ಟೀರಿಯೊ ವೈರು ಎಳೆದು ಮಿಕ್ಸರಿನ ಒಂದೇ ಚಾನೆಲಿಗೆ ಚುಚ್ಚಿದ್ದ. ಪಿನ್ನಿನ ಮೇಲೆ ಎರಡು ಕಪ್ಪು ಗೆರೆ ಇದ್ದರೆ ಅದು ಸ್ಟೀರಿಯೊ ಪಿನ್ನು. ಮಿಕ್ಸರಿನ ಬ್ಯಾಲೆನ್ಸ್ಡ್ ಚಾನೆಲ್ ಅಂತಹ ಪಿನ್ನಿನಲ್ಲಿ ಬರುವ ಎರಡು ಸಂಕೇತಗಳನ್ನು ಕೂಡಿಸುವುದಿಲ್ಲ. ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ವೈರಿನಲ್ಲಿ ಸೇರುವ ಗದ್ದಲವನ್ನು ತೆಗೆಯಲು ಮಾಡಿರುವ ಉಪಾಯವದು. ಎಡ ಬಲಗಳಲ್ಲಿ ಸಮಾನವಾಗಿದ್ದದ್ದೆಲ್ಲ, ಅಂದರೆ ನಾದದ ತಿರುಳೇ, ಹೀಗೆ ಕಳೆದುಹೋಗುತ್ತದೆ. ಉಳಿಯುವುದು ಅಂಚಿನ ಸಿಪ್ಪೆ.

ವಾದ್ಯದ ಹಿಂದೆ ಎಲ್/ಮೋನೊ ಎಂದು ಬರೆದ ತೂತಿದ್ದರೆ ಅದಕ್ಕೊಂದನ್ನೇ, ಗಿಟಾರಿಗೆ ಬಳಸುವ ಸಾದಾ ಮೋನೊ ವೈರಿನಿಂದ ಜೋಡಿಸಬೇಕು. ಪಕ್ಕದ ಆರ್ ತೂತಿಗೆ ಏನನ್ನೂ ಚುಚ್ಚದಿದ್ದರೆ ವಾದ್ಯವೇ ಎರಡನ್ನೂ ಸೇರಿಸಿ ಕಳಿಸುತ್ತದೆ. ಕೆಲವು ಕಡಿಮೆ ಬೆಲೆಯ ಮಾದರಿಗಳಲ್ಲಿ, ಉದಾಹರಣೆಗೆ ಯಮಹಾ ಪಿ-45ರಲ್ಲಿ, ಹೆಡ್‌ಫೋನ್ ತೂತು ಮಾತ್ರ ಇದೆ. ಅಂತಹ ಕಡೆ ಒಂದು ತುದಿಯಲ್ಲಿ ಸ್ಟೀರಿಯೊ ಪಿನ್ನು, ಇನ್ನೊಂದು ತುದಿಯಲ್ಲಿ ಎರಡು ಮೋನೊ ಪಿನ್ನುಗಳಿರುವ ವೈ ಆಕಾರದ ವೈರು ಬೇಕು. ಅದನ್ನು ಮಿಕ್ಸರಿನ ಎರಡು ಚಾನೆಲ್‌ಗಳಿಗೆ ಕೊಡಬೇಕು. ಹೆಡ್‌ಫೋನ್ ತೂತಿಗೆ ನೇರವಾಗಿ ಮೋನೊ ಪಿನ್ನು ಚುಚ್ಚುವುದು ಬೇಡ, ಬಲಗಡೆಯ ವಾಹಿನಿ ಶಾರ್ಟ್ ಆಗುತ್ತದೆ.

ಎರಡನ್ನೂ ಕೂಡಿಸಿದಾಗಲೂ ಕೆಲವು ವಾದ್ಯಗಳ ಪಿಯಾನೊ ಸ್ವಲ್ಪ ಟೊಳ್ಳಾಗಿ ಕೇಳುವುದುಂಟು, ಏಕೆಂದರೆ ಎರಡು ಮೈಕುಗಳಿಗೆ ಬೇರೆ ಬೇರೆ ಹೊತ್ತಿಗೆ ತಲುಪಿದ ಅಲೆಗಳು ಒಂದನ್ನೊಂದು ಅಳಿಸುತ್ತವೆ. ಹಾಗಾದರೆ ಒಂದೇ ವಾಹಿನಿಯನ್ನು ಇಟ್ಟು ಇನ್ನೊಂದನ್ನು ಮಿಕ್ಸರಿನಲ್ಲಿ ಮುಚ್ಚಿ ನೋಡಬಹುದು. ಮೇಲಿನ ಸ್ವರಗಳು ಸ್ವಲ್ಪ ತಗ್ಗಿದರೂ ತಿರುಳು ಉಳಿಯುತ್ತದೆ. ಸ್ವರಪಟ್ಟಿಯಲ್ಲಿ ಮೋನೊ ಪಿಯಾನೊ ಎಂದು ಪ್ರತ್ಯೇಕವಾಗಿ ಕೊಟ್ಟಿದ್ದರೆ ಅದೇ ಉತ್ತಮ.

ವೈರಿನ ಜೊತೆಗೇ ಇನ್ನೊಂದು ಮಾತು. ಗುಂಯ್ ಎಂಬ ಶಬ್ದ ಬಂದರೆ ಪ್ಲಗ್ಗಿನ ಅರ್ತ್ ಪಿನ್ನನ್ನು ಕಿತ್ತು ಹಾಕುವವರಿದ್ದಾರೆ. ಜೀವಕ್ಕೆ ಅಪಾಯವಾದ ಕೆಲಸವದು. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮೈಕು ಹಿಡಿಯುವವರು ನಮ್ಮ ಮಕ್ಕಳೇ. ಕೀಬೋರ್ಡು ಮತ್ತು ಮಿಕ್ಸರಿಗೆ ಒಂದೇ ಬೋರ್ಡಿನಿಂದ ಕರೆಂಟು ಕೊಟ್ಟರೆ ಸಾಮಾನ್ಯವಾಗಿ ಗುಂಯ್ ನಿಲ್ಲುತ್ತದೆ. ನಿಲ್ಲದಿದ್ದರೆ ಗ್ರೌಂಡ್ ಲಿಫ್ಟ್ ಗುಂಡಿಯಿರುವ ಡಿಐ ಬಾಕ್ಸ್ ಬಳಸಬಹುದು. ವೈರು 6 ಮೀಟರಿಗಿಂತ ಉದ್ದವಿದ್ದಲ್ಲಿಯೂ ಅದು ಉಪಯುಕ್ತ.

ಮಿಕ್ಸರ್, ಸ್ಪೀಕರ್, ಕಟ್ಟಡ

ಟಚ್ ಮತ್ತು ವೈರು ಸರಿಯಾದ ಮೇಲೆಯೇ ಮಿಕ್ಸರಿನ ಗುಂಡಿಗಳನ್ನು ಮುಟ್ಟಬೇಕು. ಪಿಯಾನೊದ ಅತಿ ಕೆಳಗಿನ ಸ್ವರ 27.5 ಹರ್ಟ್ಸ್, ಅತಿ ಮೇಲಿನದು ಸುಮಾರು 4186 ಹರ್ಟ್ಸ್. ಅದರ ಮೇಲೂ ಸಣ್ಣ ಸ್ವರಗಳು ಹಬ್ಬಿರುತ್ತವೆ. ಕಲಸಿದಂತೆ ಕೇಳಿಸುವ ಮಂದತೆ ಸಾಮಾನ್ಯವಾಗಿ 200ರಿಂದ 400 ಹರ್ಟ್ಸ್ ನಡುವೆ ಇರುತ್ತದೆ. ಪುರುಷರ ಧ್ವನಿಯೂ ಇದೇ ಜಾಗದಲ್ಲಿ ತುಂಬಿಕೊಂಡಿರುವುದರಿಂದ ಎರಡೂ ಒಂದರ ಮೇಲೊಂದು ಬೀಳುತ್ತವೆ. ಆದ್ದರಿಂದ ಮೊದಲು ಅಲ್ಲಿ ಸುಮಾರು 3 ಡೆಸಿಬೆಲ್ ಇಳಿಸಬೇಕು. ಅನೇಕ ಸಲ ಅಷ್ಟಕ್ಕೇ ಹೊಳಪು ತಾನಾಗಿ ಕಾಣಿಸಿಕೊಳ್ಳುತ್ತದೆ. ಸಾಲದಿದ್ದರೆ 3000ರಿಂದ 5000 ಹರ್ಟ್ಸ್ ನಡುವೆ 2 ಡೆಸಿಬೆಲ್ ಏರಿಸಿದರೆ ಸುತ್ತಿಗೆಯ ಪೆಟ್ಟು ಮುಂದೆ ಬರುತ್ತದೆ. ಅದಕ್ಕಿಂತ ಹೆಚ್ಚು ಏರಿಸಿದರೆ ಅಜ್ಜ ಅಜ್ಜಿಯರು ಹಿಂದಿನ ಬೆಂಚಿಗೆ ಹೋಗಿ ಕೂರುತ್ತಾರೆ. ಬಾಸ್, ಮಿಡ್, ಟ್ರೆಬಲ್ ಎಂದು ಮೂರೇ ಗುಂಡಿಗಳಿರುವ ಮಿಕ್ಸರಾದರೆ ಬಾಸ್ ಅನ್ನು ಗಡಿಯಾರದ 11 ಗಂಟೆಯ ಜಾಗಕ್ಕೂ ಟ್ರೆಬಲ್ ಅನ್ನು 1 ಗಂಟೆಯ ಜಾಗಕ್ಕೂ ತಿರುಗಿಸಿ, ಮಿಡ್ ಅನ್ನು ಮುಟ್ಟದೆ ಬಿಡಿ.

ಕಂಬಗಳಿಗೆ ಜೋಡಿಸಿರುವ ಕಾಲಂ ಸ್ಪೀಕರುಗಳು ಪ್ರಬೋಧನೆ ಕೇಳಿಸಲೆಂದು ಮಾಡಿದವು. ಪಿಯಾನೊದ ಕೆಳಗಿನ ಎರಡು ಸಪ್ತಕಗಳು ಅವುಗಳಲ್ಲಿ ಬರುವುದೇ ಇಲ್ಲ. ಹಬ್ಬದ ಮೆರವಣಿಗೆಗೆ ಕಟ್ಟುವ ಹಾರ್ನ್‌ಗಳ ಮಾತಂತೂ ಬೇಡ. ಹಣವಿದ್ದರೆ ಹೊಸ ಕೀಬೋರ್ಡ್ ಕೊಳ್ಳುವ ಬದಲು 10 ಅಥವಾ 12 ಇಂಚಿನ ಒಳ್ಳೆಯ ಪವರ್ಡ್ ಸ್ಪೀಕರ್ ಒಂದನ್ನು ಗಾಯನ ಮಂಡಳಿಯ ಪಕ್ಕದಲ್ಲಿ, ಕಿವಿಯ ಎತ್ತರಕ್ಕೆ ಇಡುವುದು ಹೆಚ್ಚು ಲಾಭದಾಯಕ ಎಂಬುದು ನನ್ನ ಅನುಭವ. ನುಡಿಸುವವನಿಗೆ ತನ್ನ ನಾದ ಕೇಳಿಸಿದರೆ ಮಾತ್ರ ಅವನು ಟಚ್ ಹಿಡಿಯಬಲ್ಲ.

ಇನ್ನು ಅನುರಣನ. ನಮ್ಮ ಕರಾವಳಿಯ ಹಳೆಯ ಚರ್ಚುಗಳು ಎತ್ತರದ ಮಾಡು, ಗಾರೆಯ ಗೋಡೆ, ಕಲ್ಲಿನ ನೆಲದವು. ಶಬ್ದ ಒಮ್ಮೆ ಹೊರಟರೆ ಸುಲಭವಾಗಿ ಸಾಯುವುದಿಲ್ಲ. ಅದರ ಮೇಲೆ ವಾದ್ಯದ ರಿವರ್ಬ್, ಅದರ ಮೇಲೆ ಮಿಕ್ಸರಿನ ಎಕೊ ಸೇರಿದರೆ ಮೂರು ಪದರ ಗಂಜಿ. ಇಂತಹ ಕಟ್ಟಡದಲ್ಲಿ ವಾದ್ಯದ ರಿವರ್ಬ್ ಅನ್ನು ಪೂರ್ತಿ ನಿಲ್ಲಿಸುವುದೇ ಸರಿ. ಬಟ್ಟೆಯ ಶಾಮಿಯಾನ, ತೆಂಗಿನ ತೋಟ ಇದಕ್ಕೆ ವಿರುದ್ಧ. ಅಲ್ಲಿ ಶಬ್ದ ಹಿಂದಿರುಗಿ ಬರುವುದೇ ಇಲ್ಲ, ಪಿಯಾನೊ ಒಣಗಿದ ಕೊಬ್ಬರಿಯಂತಾಗುತ್ತದೆ. ಹಾರನಹಳ್ಳಿಯಲ್ಲಿ ನಾವು ಹಾಲ್ ರಿವರ್ಬ್ ಸ್ವಲ್ಪ ಸೇರಿಸಬೇಕಾಯಿತು. ಖಾಲಿ ಚರ್ಚಿನಲ್ಲಿ ಶನಿವಾರ ಸಂಜೆ ಹೊಂದಿಸಿದ ನಾದ ಭಾನುವಾರ ಜನ ತುಂಬಿದಾಗ ಮಂಕಾಗುವುದೂ ಇದೆ. ಜನರ ಬಟ್ಟೆಬರೆ ಮೇಲಿನ ಸ್ವರಗಳನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಶನಿವಾರ ತುಸು ಹೆಚ್ಚೇ ಹೊಳಪು ಇಟ್ಟಿರಬೇಕು.

ನುಡಿಸುವ ಕೈ, ಒತ್ತುವ ಕಾಲು

ನಿಜವಾದ ಪಿಯಾನೊ ಎನಿಸುವುದರಲ್ಲಿ ಅರ್ಧ ಪಾಲು ಪೆಡಲಿನದು. ಪೆಡಲ್ ಒತ್ತಿದಾಗ ತಂತಿಗಳ ಮೇಲಿನ ತಡೆಗಳು ಎದ್ದು, ನುಡಿಸದ ತಂತಿಗಳೂ ಜೊತೆಗೆ ಮಿಡಿಯುತ್ತವೆ. ಒಳ್ಳೆಯ ಸ್ಟೇಜ್ ಪಿಯಾನೊಗಳಲ್ಲಿ ಇದನ್ನು ಸ್ಟ್ರಿಂಗ್ ರೆಸೊನೆನ್ಸ್ ಅಥವಾ ಡ್ಯಾಂಪರ್ ರೆಸೊನೆನ್ಸ್ ಎಂಬ ಹೆಸರಿನಲ್ಲಿ ಅನುಕರಿಸುತ್ತಾರೆ. ಮನೆಯಲ್ಲಿ ಅಭ್ಯಾಸಕ್ಕೆ ಅದು ಸೊಗಸು. ಚರ್ಚಿನ ಸ್ಪೀಕರಿನಲ್ಲಿ ಮಧ್ಯಮಕ್ಕಿಂತ ಕಡಿಮೆ ಸಾಕು. ಕಾರ್ಡ್ ಬದಲಾದಾಗಲೆಲ್ಲ ಪೆಡಲ್ ಬಿಟ್ಟು ಮತ್ತೆ ಒತ್ತಬೇಕು. ಹೊಸ ಕಾರ್ಡನ್ನು ನುಡಿಸಿದ ಕ್ಷಣದಲ್ಲಿ ಬಿಟ್ಟು, ತಕ್ಷಣ ಒತ್ತುವುದು ಕ್ರಮ. ಇದನ್ನು ಕಲಿಯದೆ ಹಾಡಿನ ಆರಂಭದಿಂದ ಕೊನೆಯವರೆಗೆ ಕಾಲು ಇಟ್ಟುಕೊಂಡೇ ಇರುವವರು ಹೆಚ್ಚು. ಪೆಡಲ್ ತಲೆಕೆಳಗಾಗಿ ಕೆಲಸ ಮಾಡಿದರೆ, ಅಂದರೆ ಬಿಟ್ಟಾಗ ಸ್ವರ ಉಳಿದು ಒತ್ತಿದಾಗ ನಿಂತರೆ, ಗಾಬರಿ ಬೇಡ. ವಾದ್ಯವನ್ನು ಆಫ್ ಮಾಡಿ, ಪೆಡಲ್ ಚುಚ್ಚಿ, ಅದರ ಮೇಲೆ ಕಾಲಿಡದೆ ಮತ್ತೆ ಆನ್ ಮಾಡಿದರೆ ಅನೇಕ ವಾದ್ಯಗಳಲ್ಲಿ ಸರಿಹೋಗುತ್ತದೆ.

ಎಡಗೈ ಬಗ್ಗೆ ಒಂದು ಸೂಚನೆ. ಮಧ್ಯದ ಸಿ ಮನೆಗಿಂತ ಬಹಳ ಕೆಳಗೆ ಮೂರು ಸ್ವರಗಳ ಕಾರ್ಡನ್ನು ಒತ್ತಿದರೆ ಎಷ್ಟು ಬೆಲೆಯ ವಾದ್ಯವಾದರೂ ಗುಡುಗುಡು ಎನ್ನುತ್ತದೆ. ಅಲ್ಲಿ ಒಂದೇ ಸ್ವರ, ಹೆಚ್ಚೆಂದರೆ ಅದರ ಸಪ್ತಕ ಸಾಕು. ಕಾರ್ಡನ್ನು ಬಲಗೈ ನೋಡಿಕೊಳ್ಳಲಿ. ಬಾಸ್ ಗಿಟಾರ್ ಇದ್ದರೆ ಎಡಗೈ ಇನ್ನೂ ಹಗುರ. ಹಾರ್ಮೋನಿಯಂ ಜೊತೆ ನುಡಿಸುವಾಗ ಶ್ರುತಿ ಹೋಲಿಸಿಕೊಳ್ಳಿ; ಕೀಬೋರ್ಡ್ 440 ಹರ್ಟ್ಸ್‌ಗೆ ಹೊಂದಿರುತ್ತದೆ, ಹಳೆಯ ಹಾರ್ಮೋನಿಯಂ ಒಂದೆರಡು ಹರ್ಟ್ಸ್ ಅತ್ತಿತ್ತ ಇರುವುದುಂಟು. ಎರಡೂ ಸೇರಿದಾಗ ನಡುಗುವ ನಾದ ಬಂದರೆ ಕೀಬೋರ್ಡಿನ ಮಾಸ್ಟರ್ ಟ್ಯೂನ್ ಬದಲಿಸಬೇಕು, ಹಾರ್ಮೋನಿಯಂ ಬಗ್ಗುವುದಿಲ್ಲ.

ಕರಾವಳಿಯ ತೇವ

ಮೈಸೂರಿನ ಅರಮನೆಯಲ್ಲಿ ಪಿಯಾನೊ ಇತ್ತು. ಜಯಚಾಮರಾಜ ಒಡೆಯರ್ ಸ್ವತಃ ಪಿಯಾನೊ ವಾದಕರಾಗಿದ್ದು, ರಷ್ಯಾದ ಸಂಗೀತಕಾರ ನಿಕೊಲಾಯ್ ಮೆಡ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ನೆರವಾದರು. ಮೆಡ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಅವರಿಗೆ ಅರ್ಪಿಸಿದರು. ಮೈಸೂರಿನ ಒಣ ಹವೆಯಲ್ಲಿ ಸಾಗಿದ್ದು ನಮ್ಮಲ್ಲಿ ಕಷ್ಟ. ಸಮುದ್ರದ ತೇವಕ್ಕೆ ಉಣ್ಣೆ ಉಬ್ಬುತ್ತದೆ, ತಂತಿ ತುಕ್ಕು ಹಿಡಿಯುತ್ತದೆ, ಶ್ರುತಿ ಮಾಡುವವರನ್ನು ದೂರದಿಂದ ಕರೆಸಬೇಕಾಗುತ್ತದೆ. ಡಿಜಿಟಲ್ ವಾದ್ಯ ಇದಕ್ಕೆ ಉತ್ತರವಾದರೂ ಅದಕ್ಕೂ ತೇವ ಆಗದು. ಮನೆಯ ಅಡಿಯ ರಬ್ಬರ್ ಸಂಪರ್ಕಗಳಲ್ಲಿ ಧೂಳು, ಉಪ್ಪಿನಂಶ ಕೂತರೆ ಸಮಯದ ಅಳತೆ ತಪ್ಪುತ್ತದೆ. ಒಂದು ಮನೆ ಮಾತ್ರ ಕಿರುಚುತ್ತಿದ್ದರೆ, ಇನ್ನೊಂದು ಮೂಕವಾಗಿದ್ದರೆ ಹೆಚ್ಚಾಗಿ ಕಾರಣ ಇಷ್ಟೇ. ತಿಳಿದ ಮೆಕ್ಯಾನಿಕ್ ಬಿಚ್ಚಿ ಒರೆಸಿ ಕೊಡಬಲ್ಲರು. ಅದಕ್ಕಾಗಿ ವಾದ್ಯವನ್ನೇ ಗುಜರಿಗೆ ಹಾಕಬಾರದು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಸಿ ಬಿಗಿದರೆ ತೇವ ಒಳಗೇ ಉಳಿಯುತ್ತದೆ. ಹತ್ತಿ ಬಟ್ಟೆ ಹೊದಿಸಿ, ವಾರಕ್ಕೆ ಎರಡು ಸಲವಾದರೂ ಆನ್ ಮಾಡಿ ನುಡಿಸಿ. ಅಡಾಪ್ಟರನ್ನು ಬೇರೆ ವಾದ್ಯದ್ದರೊಂದಿಗೆ ಅದಲು ಬದಲು ಮಾಡಬೇಡಿ, ಪಿನ್ನು ಒಂದೇ ಗಾತ್ರವಿದ್ದರೂ ವೋಲ್ಟೇಜ್ ಮತ್ತು ಧ್ರುವ ಬೇರೆಯಿರಬಹುದು.

ಲ್ಯಾಪ್‌ಟಾಪಿಗೆ ಜೋಡಿಸಿ ಅದರಲ್ಲಿನ ಪಿಯಾನೊ ನುಡಿಸುವ ಕ್ರಮವೂ ಈಗ ಇದೆ. ಹಳೆಯ ಕೀಬೋರ್ಡಿಗೂ ಯುಎಸ್‌ಬಿ ಅಥವಾ ಮಿಡಿ ಇದ್ದರೆ ಸಾಕು. ಸಲಮ್ಯಾಂಡರ್ ಗ್ರ್ಯಾಂಡ್ ಎಂಬ ಉಚಿತ ಸಂಗ್ರಹದಲ್ಲಿ ಯಮಹಾ ಸಿ5 ಪಿಯಾನೊವನ್ನು 16 ಹಂತಗಳ ಬಲದಲ್ಲಿ ಮುದ್ರಿಸಲಾಗಿದೆ. ನಾದ ಖಂಡಿತ ಒಳ್ಳೆಯದು. ಆದರೆ ಬೆರಳು ಒತ್ತಿದ ಮೇಲೆ ಸ್ವರ ತಡವಾಗಿ ಬಂದರೆ ಗಾಯಕರು ದಾರಿ ತಪ್ಪುತ್ತಾರೆ. ಆ ವಿಳಂಬ 10 ಮಿಲಿಸೆಕೆಂಡಿನೊಳಗೆ ಇರಬೇಕು. ಕಾಣಿಕೆ ಗೀತೆಯ ನಡುವೆ ಲ್ಯಾಪ್‌ಟಾಪ್ ಅಪ್‌ಡೇಟ್ ಆಗಲು ಹೊರಟದ್ದನ್ನೂ ನಾನು ಕಂಡಿದ್ದೇನೆ. ಅಭ್ಯಾಸದ ಕೋಣೆಯಲ್ಲಿ ಬಳಸಿ ಕೈ ಕುದುರಿದ ಮೇಲೆ ಬಲಿಪೂಜೆಗೆ ತನ್ನಿ.

ಇಷ್ಟೆಲ್ಲ ಹೊಂದಿಸಿದ ಮೇಲೆ ಯೂಸರ್ ಅಥವಾ ರಿಜಿಸ್ಟ್ರೇಷನ್ ಮೆಮೊರಿಯಲ್ಲಿ ಉಳಿಸಲು ಮರೆಯಬೇಡಿ. ಅನೇಕ ವಾದ್ಯಗಳಲ್ಲಿ ಸ್ವಿಚ್ ಆಫ್ ಮಾಡಿದರೆ ಟಚ್ ಮೊದಲಿನ ಜಾಗಕ್ಕೇ ಮರಳುತ್ತದೆ. ಹಾರನಹಳ್ಳಿಯಲ್ಲಿ ಆ ಹುಡುಗ ಒಂದು ರಟ್ಟಿನ ಮೇಲೆ ಟಚ್ ಲೈಟ್, ಎಲ್/ಮೋನೊ, ಒಂದು ಗೆರೆಯ ವೈರು, ಟ್ರಾನ್ಸ್‌ಪೋಸ್ ಸೊನ್ನೆ ಎಂದು ಬರೆದು ವಾದ್ಯದ ತಳಕ್ಕೆ ಅಂಟಿಸಿಕೊಂಡ. ಸಂಜೆ ಮನೆಯವರು ಜಪಸರದ ನಂತರ ಮರಿಯಮ್ಮನವರ ಗೀತೆ ಎತ್ತಿದಾಗ ಮೊದಲ ಸ್ವರಕ್ಕೇ ಎಲ್ಲರೂ ಸೇರಿಕೊಂಡರು. ವಾದ್ಯ ಮಾರುವ ಮಾತು ಸದ್ಯಕ್ಕೆ ನಿಂತಿದೆ, ಕೂಡಿಸಿದ ಹಣದಲ್ಲಿ ಸ್ಪೀಕರ್ ನೋಡುತ್ತಿದ್ದಾರೆ.